ಗಣಾಚಾರವೆಂದರೆ ಗುಂಪುಗಾರಿಕೆಯಲ್ಲ

ಪಂಚಾಚಾರಗಳಲ್ಲಿ ಗಣಾಚಾರದಷ್ಟು ತಪ್ಪಾಗಿ ತಿಳಿಯಲ್ಪಟ್ಟ ಆಚಾರ ಮತ್ತೊಂದಿಲ್ಲ. ಶಿವನಿಂದೆಯನ್ನೂ ಅನ್ಯಾಯವನ್ನೂ ಕಂಡು ಸುಮ್ಮನಿರಬಾರದೆಂಬುದು ಅದರ ತಾತ್ಪರ್ಯ. ಹತ್ತು ಜನ ಸೇರಿ ತೋಳೇರಿಸುವುದೇ ಗಣಾಚಾರವೆಂದು ಇಂದಿನ ಕೆಲವು ತರುಣರು ಭಾವಿಸಿದ್ದಾರೆ. ಅದರ ಜೊತೆಯಲ್ಲೇ ಸದಾಚಾರವನ್ನೂ ಭೃತ್ಯಾಚಾರವನ್ನೂ ಆಚಾರ್ಯರು ಏಕೆ ಹೇಳಿದರು? ನ್ಯಾಯದ ದುಡಿಮೆಯಿಲ್ಲದವನ, ಹಿರಿಯರಿಗೆ ಬಾಗದವನ ಗಣಾಚಾರ ಬರಿಯ ಗುಂಪುಗಾರಿಕೆಯೇ ಸರಿ.

ವಿಜಯಪುರ, ಕಲಬುರಗಿ ಜಿಲ್ಲೆಗಳ ಭೀಮಾ ದಂಡೆಯ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆತನಗಳ ಹಗೆ, ನಾಡಪಿಸ್ತೂಲು, ಮರಳಿನ ದುಡ್ಡು, ಸೇಡಿಗೆ ಸೇಡು. ಇವುಗಳಿಂದಾಗಿ ‘ಭೀಮಾತೀರ’ ಎಂಬ ಪುಣ್ಯದ ಹೆಸರು ಅಪರಾಧ ಸುದ್ದಿಯ ತಲೆಬರಹವಾಯಿತು. 2012ರಲ್ಲಿ ಚಲನಚಿತ್ರವೂ ಆಯಿತು. ಶಾಲೆಯಲ್ಲಿ ದಡ್ಡನೆನಿಸಿಕೊಂಡ, ಊರಲ್ಲಿ ಯಾರೂ ಹೆಸರು ಹಿಡಿದು ಕರೆಯದ ಹುಡುಗನನ್ನು ಒಬ್ಬನು ಮೋಟಾರ್ ಸೈಕಲ್ ಹಿಂದೆ ಕೂಡಿಸಿಕೊಳ್ಳುತ್ತಾನೆ, ಚಹಾ ಕುಡಿಸುತ್ತಾನೆ, ‘ತಮ್ಮಾ’ ಎನ್ನುತ್ತಾನೆ. ಮುಂದೊಂದು ದಿನ ಒಂದು ಗಂಟನ್ನು ಕೊಟ್ಟು ಮನೆಯಲ್ಲಿ ಬಚ್ಚಿಡೆನ್ನುತ್ತಾನೆ. ಹುಡುಗನಿಗೆ ಬೇಕಾಗಿದ್ದುದು ದುಡ್ಡಲ್ಲ, ಮರ್ಯಾದೆ. ಕಟ್ಟೆಯ ಮೇಲೆ ಕುಳಿತು ಹಳೆಯ ಕೊಲೆಗಳನ್ನು ಶೌರ್ಯವೆಂಬಂತೆ ವರ್ಣಿಸುವ ಹಿರಿಯರೂ ಇದಕ್ಕೆ ಹೊಣೆಗಾರರು. ಈ ಮಾತು ಕಹಿಯಾದರೂ ಹೇಳದೆ ವಿಧಿಯಿಲ್ಲ.

ಹಿಂದೆ ಪೌರನೀತಿ ಎನ್ನುತ್ತಿದ್ದ ಪಾಠ ಈಗ ಸಮಾಜ ವಿಜ್ಞಾನದೊಳಗೆ ಸೇರಿದೆ. 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 51ಎ ವಿಧಿ ಬಂದು, ಸಾರ್ವಜನಿಕ ಸ್ವತ್ತನ್ನು ಕಾಯುವುದೂ ಹಿಂಸೆಯನ್ನು ತೊರೆಯುವುದೂ ಪ್ರತಿ ಪ್ರಜೆಯ ಕರ್ತವ್ಯವಾಯಿತು. ಮಕ್ಕಳು ಇದನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. 2023ರಲ್ಲಿ ರಾಜ್ಯ ಸರ್ಕಾರ ಶಾಲೆಗಳಲ್ಲಿ ಸಂವಿಧಾನ ಪೀಠಿಕೆಯ ಓದನ್ನು ಕಡ್ಡಾಯಗೊಳಿಸಿತು, ಸಂತೋಷ. ಆದರೆ ಮಂತ್ರವನ್ನು ಉಚ್ಚರಿಸಿದ ಮಾತ್ರಕ್ಕೆ ದೀಕ್ಷೆಯಾಗದು, ಆಚರಣೆ ಬೇಕು. ಅದಕ್ಕೆ ಮಕ್ಕಳ ಗ್ರಾಮಸಭೆ ತಕ್ಕ ಸ್ಥಳ. ಶಾಲೆಯ ದಾರಿಯಲ್ಲಿ ದೀಪವೇಕೆ ಉರಿಯುತ್ತಿಲ್ಲವೆಂದು ಏಳನೆಯ ತರಗತಿಯ ಹುಡುಗ ಎದ್ದು ಕೇಳಲಿ. ಪಂಚಾಯತಿಯವರು ಉತ್ತರ ಕೊಟ್ಟು ವಾರದೊಳಗೆ ದೀಪ ಹಚ್ಚಿಸಲಿ. ಬಡಿಗೆ ಹಿಡಿಯದೆಯೂ ಊರಿನಲ್ಲಿ ತನ್ನ ಮಾತು ನಡೆಯುತ್ತದೆಂಬುದು ಆ ಹುಡುಗನಿಗೆ ಅಂದೇ ತಿಳಿಯುತ್ತದೆ. ಉತ್ತರ ಬಾರದಿದ್ದರೆ ಅವನು ಕಲಿಯುವುದು ಬೇರೆಯೇ ಪಾಠ. ಛಾಯಾಚಿತ್ರ ತೆಗೆಸಿಕೊಂಡು ಮುಗಿಸುವ ಸಭೆ ನಡೆಯದಿದ್ದರೇ ಲೇಸು.

ತರುಣರು ಗುಂಪು ಕಟ್ಟಬಾರದೆಂದು ನಾವು ಹೇಳುವುದಿಲ್ಲ. ಇದೇ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ಕಟ್ಟಿದ್ದೂ ಗೆಳೆಯರ ಗುಂಪೇ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಅವರು ಬರೆದುಕೊಂಡರು. ಅದರ ಫಲವೇ ‘ಗರತಿಯ ಹಾಡು’. ಮತಭೇದ ಅವರ ನಡುವೆ ಸುಳಿಯಲಿಲ್ಲ. ಭೀಮಾ ಸೀಮೆಯ ಎಷ್ಟು ಶಾಲೆಗಳಲ್ಲಿ ಈ ಗೆಳೆಯರ ಕಥೆಯನ್ನು ಮಕ್ಕಳಿಗೆ ಹೇಳುತ್ತಾರೆ? ಹಂತಕರ ಹೆಸರುಗಳು ಮಾತ್ರ ಹುಡುಗರ ನಾಲಗೆಯ ತುದಿಯಲ್ಲಿವೆ.

ಬರುವ ಶ್ರಾವಣದಲ್ಲಿ ಊರೂರಿನ ಪುರಾಣ ಮಂಗಲದ ಹಿಂದಿನ ಸಂಜೆಯನ್ನು ಶಾಲಾ ಮಕ್ಕಳಿಗೆ ಬಿಟ್ಟುಕೊಡಬೇಕೆಂದು ನಮ್ಮ ಅಪೇಕ್ಷೆ. ಅಂದು ಮಕ್ಕಳು ಕೇಳಲಿ, ಪಂಚಾಯತಿ ಸದಸ್ಯರೂ ಗುರುಗಳೂ ಉತ್ತರಿಸಲಿ. ಹಗೆಯುಳ್ಳ ಎರಡೂ ಮನೆಗಳ ಯಜಮಾನರನ್ನು ಕರೆತಂದು ಒಂದೇ ಜಮಖಾನೆಯ ಮೇಲೆ ಕೂಡಿಸುವ ಹೊಣೆ ಊರ ದೈವದ್ದು.