ಹಸಿರೊಳಗಿನ ಹಸಿವು

ವರ್ಷವಿಡೀ ಹಸಿರಾಗಿರುವ ಮಳೆಕಾಡಿನಲ್ಲಿ ಚಿಂಪಾಂಜಿಗೆ ತಿನ್ನಲು ಏನು ಕೊರತೆ? ದೂರದಿಂದ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಚಿಂಪಾಂಜಿ ಮುಖ್ಯವಾಗಿ ಮಾಗಿದ ಹಣ್ಣನ್ನು ನೆಚ್ಚಿ ಬದುಕುವ ಪ್ರಾಣಿ. ಅದೇ ಕಾಡಿನ ಕೋಲೋಬಸ್ ಮಂಗಕ್ಕಿರುವಂತೆ ಎಲೆಯ ನಾರನ್ನು ಹುದುಗಿಸಿ ಅರಗಿಸುವ, ಹಲವು ಕೋಣೆಗಳ ಹೊಟ್ಟೆ ಅದಕ್ಕಿಲ್ಲ. ಇಷ್ಟದ ಹಣ್ಣು ಮುಗಿದಾಗ ಎಲೆಯನ್ನೂ ಕಾಂಡದ ತಿರುಳನ್ನೂ ಗಂಟೆಗಟ್ಟಲೆ ಅಗಿಯುತ್ತದೆ. ಹೊಟ್ಟೆ ತುಂಬಿದರೂ ಮೈಗೆ ಸಾಕಷ್ಟು ಶಕ್ತಿ ದಕ್ಕುವುದಿಲ್ಲ. ಕಾಡಿನ ಚಿಂಪಾಂಜಿಯ ಆರೋಗ್ಯವನ್ನೂ ಸಂತಾನವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಈ ಹಣ್ಣಿನ ಲೆಕ್ಕವೇ ಎನ್ನಲು ಈಗ ಗಟ್ಟಿ ಆಧಾರಗಳಿವೆ.

ಆ ಆಧಾರ ಸಿಕ್ಕಿದ್ದು ಮೂತ್ರದಲ್ಲಿ. ಉಗಾಂಡದ ಕಿಬಾಲೆ ಕಾಡಿನ ಕನ್ಯಾವಾರದಲ್ಲಿ ಸಂಶೋಧಕ ರಿಚರ್ಡ್ ರಾಂಗಮ್ 1987ರಲ್ಲಿ ಆರಂಭಿಸಿದ ಚಿಂಪಾಂಜಿ ಅಧ್ಯಯನ ಇಂದಿಗೂ ನಡೆದಿದೆ. ಸಂಶೋಧಕರು ಪ್ರಾಣಿಯನ್ನು ಮುಟ್ಟುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಎಲೆಗಳ ಮೇಲೆ ಬಿದ್ದ ಮೂತ್ರವನ್ನು ಹೀರಿ ತೆಗೆಯುತ್ತಾರೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವಾಗ ಒಂದೊಂದು ಇನ್ಸುಲಿನ್ ಅಣುವಿನ ಜೊತೆಗೂ ಸಿ-ಪೆಪ್ಟೈಡ್ ಎಂಬ ಒಂದು ತುಣುಕು ಬೇರ್ಪಡುತ್ತದೆ. ಅದು ಮೂತ್ರಕ್ಕೆ ಇಳಿಯುವುದರಿಂದ, ಅದನ್ನು ಅಳೆದು ದೇಹಕ್ಕೆ ಬಂದ ಶಕ್ತಿ ಖರ್ಚಾದದ್ದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಅಂದಾಜಿಸಬಹುದು. ನೀರು ಹೆಚ್ಚು ಕುಡಿದರೆ ಮೂತ್ರ ತೆಳುವಾಗಿ ಅಳತೆ ಕೆಡುವುದಿಲ್ಲವೇ? ಅದಕ್ಕೆಂದೇ, ಮೂತ್ರದಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಬೀಳುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದೊಂದಿಗೆ ಹೋಲಿಸಿ ಲೆಕ್ಕ ಸರಿಪಡಿಸುತ್ತಾರೆ. ಸಂಶೋಧಕಿ ಮೆಲಿಸಾ ಎಮರಿ ಥಾಂಪ್ಸನ್ ಮತ್ತು ಸಂಗಡಿಗರ ಕೆಲಸದಿಂದ ತಿಳಿದುಬಂದದ್ದು: ಇಷ್ಟದ ಹಣ್ಣು ಹೆಚ್ಚಿದ್ದಾಗ ಸಿ-ಪೆಪ್ಟೈಡ್ ಏರುತ್ತದೆ. ಹಣ್ಣಿನ ಮರಗಳು ದಟ್ಟವಾಗಿರುವ ನೆಲೆಯಲ್ಲಿ ಓಡಾಡುವ ಹೆಣ್ಣುಗಳಲ್ಲಿ ಅಂಡಾಶಯದ ಹಾರ್ಮೋನುಗಳು ಹೆಚ್ಚು, ಹೆರಿಗೆಗಳ ನಡುವಿನ ಅಂತರ ಕಡಿಮೆ, ಬದುಕುಳಿಯುವ ಮರಿಗಳೂ ಹೆಚ್ಚು. ಬಸಿರು ಮತ್ತು ಹಾಲೂಡಿಕೆ ವರ್ಷಗಟ್ಟಲೆಯ ಖರ್ಚು. ಶಕ್ತಿ ಕೂಡಿಬರುವ ತನಕ ತಾಯಿಯ ದೇಹ ಮುಂದಿನ ಬಸಿರಿಗೆ ಸಜ್ಜಾಗುವುದಿಲ್ಲ.

ಬಲಿಷ್ಠ ಹೆಣ್ಣೇ ಒಳ್ಳೆಯ ನೆಲೆಯನ್ನು ಹಿಡಿದಿರಬಹುದಲ್ಲ, ಹಾಗಾದರೆ ಕಾರಣ ಹಣ್ಣೋ ಅವಳ ಬಲವೋ ಎಂದು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಂದೇ ಗುಂಪನ್ನು ನೋಡುತ್ತ ಕೂತರೆ ಉತ್ತರ ಸಿಗುವುದು ಕಷ್ಟ. ಎರಡು ಗುಂಪುಗಳನ್ನು ಹೋಲಿಸಬೇಕು. ಕಿಬಾಲೆಯಲ್ಲೇ, ಕನ್ಯಾವಾರದಿಂದ ಸುಮಾರು 10 ಕಿ.ಮೀ. ದೂರದ ನ್‌ಗೋಗೋದಲ್ಲಿ ಫೈಕಸ್ ಮುಕುಸೊ ಎಂಬ ದೊಡ್ಡ ಅತ್ತಿಜಾತಿಯ ಮರವೂ ಸೇರಿ ಹಣ್ಣಿನ ಸಂಪತ್ತು ಹೆಚ್ಚು. ಅಲ್ಲಿಯ ಚಿಂಪಾಂಜಿಗಳ ಸಿ-ಪೆಪ್ಟೈಡ್ ಮಟ್ಟವೂ ಮೇಲು. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿ ಹುಟ್ಟಿದ ಮರಿಯ ನಿರೀಕ್ಷಿತ ಆಯುಸ್ಸು 32.8 ವರ್ಷ, ಕನ್ಯಾವಾರದಲ್ಲಿ ಸುಮಾರು 20. ಚಿರತೆಗಳಿಲ್ಲದ ಕಾಡಾದ್ದರಿಂದ ನ್‌ಗೋಗೋದಲ್ಲಿ ಆಯುಸ್ಸು ಹೆಚ್ಚು ಎಂದರೆ, ಕನ್ಯಾವಾರವೂ ಅದೇ ಕಾಡಿನ ಭಾಗ. ಕನ್ಯಾವಾರ ಕಾಡಿನ ಅಂಚಿಗೆ, ಹಳ್ಳಿಗಳಿಗೆ ಹತ್ತಿರವಿರುವುದು ಅಂತರದ ಒಂದಿಷ್ಟನ್ನು ವಿವರಿಸೀತು. ಪೂರ್ತಿ ವಿವರಿಸುತ್ತದೆಂದು ನನಗೆ ತೋರುವುದಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪವೆಂದರೆ ಸೋಂಕು. 2016ರ ಕೊನೆ, 2017ರ ಆರಂಭದಲ್ಲಿ ಮನುಷ್ಯರಲ್ಲಿ ಶೀತ-ಕೆಮ್ಮು ತರುವ ಒಂದು ವೈರಸ್ ಹಣ್ಣು ತುಂಬಿದ ನ್‌ಗೋಗೋದಲ್ಲೇ ಹಲವು ಚಿಂಪಾಂಜಿಗಳ ಜೀವ ತೆಗೆಯಿತು. ಹೊರಗಿನಿಂದ ಬಂದ ರೋಗವನ್ನು ಹಣ್ಣು ತಡೆಯದು, ನಿಜ. ಆದರೆ ಸತ್ತವರ ಜಾಗವನ್ನು ತುಂಬಬೇಕಾದವರು ತಾಯಂದಿರು, ಅವರ ಬಸಿರು ನಿಂತಿರುವುದು ಮತ್ತೆ ಹಣ್ಣಿನ ಮೇಲೆ. ಕನ್ಯಾವಾರದ ಒಂದಷ್ಟು ಭಾಗದಲ್ಲಿ 1960ರ ದಶಕದಲ್ಲಿ ಮರ ಕಡಿದಿದ್ದರು. ಅಲ್ಲಿ ಹಸಿರು ಮತ್ತೆ ಹಬ್ಬಿದೆ. ಆದರೆ ಹಸಿರೆಲ್ಲ ಹಣ್ಣಲ್ಲ. ಹಾಗಾಗಿ ಎಷ್ಟು ಎಕರೆ ಕಾಡು ಉಳಿದಿದೆ ಎಂಬ ಅಂಕಿಯೊಂದಿಗೆ, ಹಣ್ಣು ಬಿಡುವ ಯಾವ ಮರಗಳು ಅಲ್ಲಿ ಎಷ್ಟಿವೆ, ಯಾವ ತಿಂಗಳಲ್ಲಿ ಫಲ ಕೊಡುತ್ತವೆ ಎಂಬ ಪಟ್ಟಿಯನ್ನೂ ಕಾಡು ಕಾಯುವವರು ಇಡಬೇಕಾಗಿದೆ.