ಕೆರೆಯ ಬಸವನಹುಳುವೂ ಅದರೊಳಗಣ ಡಿಂಭಗಳ ಗಾತ್ರಭೇದವೂ

ಜಯಲಕ್ಷ್ಮಿಪುರಂ ಬಡಾವಣೆಯಿಂದ ತುಸು ದೂರ ನಡೆದರೆ ಕುಕ್ಕರಹಳ್ಳಿ ಕೆರೆಯ ಏರಿ ಸಿಕ್ಕುವುದು. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ಬೇಸಾಯಕ್ಕೆ ನೀರೊದಗಿಸಲೆಂದು ಕಟ್ಟಿಸಿದ ಈ ಕೆರೆಯು ಈಗ ಹಕ್ಕಿಗಳಿಗೂ ಗಾಳಿಸಂಚಾರಕ್ಕೆ ಬರುವವರಿಗೂ ಆಶ್ರಯವಾಗಿರುವುದು. ಏರಿಯ ಮೇಲೆ ನಡೆಯುವವರ ಕಣ್ಣು ಹೆಜ್ಜಾರ್ಲೆಯ ಮೇಲೆಯೋ ನೀರುಕಾಗೆಯ ಮೇಲೆಯೋ ಹರಿಯುವುದಲ್ಲದೆ, ಇಂತಹ ಕೆರೆಗಳ ಅಂಚಿನ ಜೊಂಡಿಗೆ ಕಚ್ಚಿಕೊಂಡಿರುವ ಬಸವನಹುಳುಗಳ ಮೇಲೆ ಬೀಳುವುದು ಅಪರೂಪ. ನಾವು ಇಲ್ಲಿ ಹೇಳಹೊರಟಿರುವುದಾದರೂ ಆ ಬಡ ಪ್ರಾಣಿಯ ವಿಷಯವಲ್ಲ. ಅದರ ಒಡಲನ್ನೇ ಮನೆಮಾಡಿಕೊಂಡು ಬೆಳೆದು, ಒಂದು ದಿನ ಹೊರಬಿದ್ದು ನೀರಿನಲ್ಲಿ ಈಜುವ ಚಪ್ಪಟೆಹುಳುಗಳ ಡಿಂಭಗಳ, ಎಂದರೆ ಇನ್ನೂ ಪೂರ್ಣರೂಪಕ್ಕೆ ಬಾರದ ಮರಿಗಳ, ವಿಷಯ.

ಇದರಿಂದ ಮನೆಮಂದಿಗೆ ಆಗಬೇಕಾದುದೇನು ಎಂದು ಕೇಳುವವರುಂಟು. ಕೆರೆಯ ಕೆಸರಿನಲ್ಲಿ ಆಡಿಬಂದ ಮಗುವಿನ ಕಾಲಿನಲ್ಲಿ ಅಂದೇ ಕೆಂಪು ಗಂಧೆಗಳೆದ್ದು ನವೆಯಾಗುವುದನ್ನು ತಾಯಂದಿರು ನೋಡಿರಬಹುದು. ಹಳ್ಳಿಯಲ್ಲಿ ಮನೆಯುಳ್ಳವರು, ಹಟ್ಟಿಯಲ್ಲಿ ನಿಂತ ಹಸು ಮೂಗಿನಿಂದ ಲೋಳೆ ಸುರಿಸುತ್ತ ಗೊರಕೆ ಹೊಡೆದಂತೆ ಉಸಿರೆಳೆಯುವುದನ್ನು ಕೇಳಿರಬಹುದು. ಮೇವು ತಿಂದರೂ ಮೈಗೂಡದೆ ಸೊರಗಿ, ಗಂಟಲ ಕೆಳಗೆ ನೀರು ತುಂಬಿದಂತೆ ಬಾತುಕೊಳ್ಳುವ ಕುರಿಗಳನ್ನು ಕಂಡವರೂ ಇರುವರು. ಇವು ಮೂರಕ್ಕೂ ಕಾರಣವಾಗಬಲ್ಲ ಹುಳುಗಳು ಬಸವನಹುಳುವಿನೊಳಗಿಂದಲೇ ಬರುವುವು. ಆದುದರಿಂದ, ನೀರಿನಲ್ಲಿ ಈಜುವ ಈ ಅಣುಮಾತ್ರದ ಜೀವಿಯು ಯಾವ ಹುಳುವಿನ ಮರಿಯೆಂದು ಗುರುತಿಸುವುದು ಬರಿಯ ಪಂಡಿತರ ವಿನೋದವಲ್ಲ.

ಮೊದಲು ಅದರ ಜನ್ಮಚರಿತ್ರೆಯನ್ನು ಚಿಕ್ಕದಾಗಿ ಹೇಳುವೆವು. ದನಕುರಿಗಳ ಪಿತ್ತನಾಳಗಳಲ್ಲಿ ವಾಸಿಸುವ ಎಲೆಯಾಕಾರದ ಯಕೃತ್ತಿನ ಹುಳುವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಅದರ ಜಾತಿಗೆ ಫ್ಯಾಸಿಯೋಲ ಜೈಜಾಂಟಿಕ ಎಂದು ಹೆಸರು. ಅದರ ಮೊಟ್ಟೆಗಳು ಸಗಣಿಯೊಡನೆ ನೀರನ್ನು ಸೇರಿ, ಎರಡು ಮೂರು ವಾರಗಳಲ್ಲಿ ಒಡೆದು, ಮೈತುಂಬ ನವುರಾದ ರೋಮಗಳುಳ್ಳ ಒಂದು ಮರಿ ಹೊರಬರುವುದು. ಇದಕ್ಕೆ ಮಿರಸೀಡಿಯ ಎಂದು ಹೆಸರು. ಇದರ ಆಯುಸ್ಸು ಸುಮಾರು ಒಂದು ದಿನ ಮಾತ್ರ. ಅಷ್ಟರೊಳಗೆ ಲಿಮ್ನೇಯ ಕುಲದ ಬಸವನಹುಳುವೊಂದನ್ನು ಕಂಡು ಅದರ ಮೈಯನ್ನು ಕೊರೆದು ಒಳಹೊಗದಿದ್ದರೆ ಸಾಯುವುದು. ಒಳಹೊಕ್ಕ ಮರಿಯು ಒಂದು ಚೀಲದಂತಾಗುವುದು. ಆ ಚೀಲದೊಳಗೆ, ಗಂಡುಹೆಣ್ಣುಗಳ ಸಂಯೋಗವಿಲ್ಲದೆಯೇ, ಬಾಯಿಯೂ ಕರುಳೂ ಉಳ್ಳ ಬೇರೊಂದು ಬಗೆಯ ಮರಿಗಳು ಹುಟ್ಟುವುವು. ಇವಕ್ಕೆ ಹದಿನೇಳನೆಯ ಶತಮಾನದ ಇಟಲಿಯ ವಿದ್ವಾಂಸನಾದ ರೆಡಿಯ ನೆನಪಿನಲ್ಲಿ ರೀಡಿಯ ಎಂದು ಹೆಸರಿಟ್ಟಿರುವರು. ರೀಡಿಯಗಳ ಒಡಲಿನಲ್ಲಿ ಕಡೆಯ ತಲೆಮಾರಾದ ಬಾಲವುಳ್ಳ ಮರಿಗಳು ಹುಟ್ಟುವುವು. ಅವೇ ಸರ್ಕೇರಿಯಗಳು, ಗ್ರೀಕ್ ಭಾಷೆಯ ಬಾಲ ಎಂಬ ಮಾತಿನಿಂದ ಬಂದ ಹೆಸರು. ಅವು ನೀರಿಗಿಳಿದು, ಹುಲ್ಲಿನ ಎಸಳಿಗೆ ಅಂಟಿಕೊಂಡು, ಬಾಲವನ್ನು ಕಳಚಿ, ಸುತ್ತಲೂ ಒಂದು ಕೋಶವನ್ನು ಕಟ್ಟಿಕೊಂಡು, ದನ ಮೇಯಲು ಬರುವುದನ್ನು ಕಾಯುವುವು. ಈ ವಿಚಿತ್ರ ಕಥೆಯನ್ನು ಇದರ ಸಮೀಪದ ಬಂಧುವಾದ ಯೂರೋಪಿನ ಯಕೃತ್ತಿನ ಹುಳುವಿನಲ್ಲಿ ಇಂಗ್ಲೆಂಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಎಂಬಿಬ್ಬರು, ಒಬ್ಬರ ಹಂಗು ಇನ್ನೊಬ್ಬರಿಗಿಲ್ಲದೆ, 1881ರಿಂದ 1883ರ ನಡುವೆ ಬಿಡಿಸಿ ತೋರಿಸಿದರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಒಂದೇ ಮೊಟ್ಟೆಯಿಂದ ಬಂದ ಒಂದೇ ಮಿರಸೀಡಿಯವು ನೂರಾರು, ಕೆಲವು ಜಾತಿಗಳಲ್ಲಿ ಸಾವಿರಾರು, ಸರ್ಕೇರಿಯಗಳಿಗೆ ಮೂಲವಾಗುವುದು. ತಂದೆತಾಯಿಗಳ ಬೆರಕೆಯಿಲ್ಲದುದರಿಂದ ಅವೆಲ್ಲವೂ ಅವಳಿಜವಳಿಗಳಿಗಿಂತಲೂ ಒತ್ತಾದ ಒಡಹುಟ್ಟುಗಳು; ಅವುಗಳ ವಂಶಗುಣವೆಲ್ಲ ಹೆಚ್ಚುಕಡಮೆ ಒಂದೇ. ಹಾಗಾದರೆ ಅವು ಒಂದೇ ಅಚ್ಚಿನಲ್ಲಿ ಎರೆದ ನಾಣ್ಯಗಳಂತೆ ಒಂದೇ ಗಾತ್ರದವಾಗಿರಬೇಕಲ್ಲವೆ? ಆದರೆ ಹಾಗಿಲ್ಲ. ನ್ಯೂಜಿಲೆಂಡಿನ ಸಂಶೋಧಕರು ಅಲ್ಲಿಯ ಸಮುದ್ರತೀರದ ಬಸವನಹುಳುಗಳಲ್ಲಿರುವ ಒಂದು ಜಾತಿಯನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದೇ ಸಂತತಿಯ ಸರ್ಕೇರಿಯಗಳಲ್ಲಿಯೂ ಅಳತೆಯ ವ್ಯತ್ಯಾಸಗಳಿರುವುದನ್ನು ತೋರಿಸಿರುವರು.

ಅಳತೆಯೆಂದೆವು, ಅದು ಎಷ್ಟು ಸೂಕ್ಷ್ಮವೆಂಬುದನ್ನು ಅಡಿಗೆಮನೆಯ ವಸ್ತುವಿನಿಂದಲೇ ತಿಳಿಯಬಹುದು. ಒಂದು ರಾಗಿಕಾಳಿನ ಅಡ್ಡಗಲ ಸುಮಾರು ಒಂದೂವರೆ ಮಿಲಿಮೀಟರು. ರಕ್ತನಾಳಗಳಲ್ಲಿ ವಾಸಿಸುವ ಹುಳುಗಳ ಸರ್ಕೇರಿಯದ ಒಡಲು ಸುಮಾರು 0.2 ಮಿಲಿಮೀಟರು ಮಾತ್ರ. ಎಂದರೆ ಏಳನ್ನು ಸಾಲಾಗಿ ಮಲಗಿಸಿದರೆ ಒಂದು ರಾಗಿಕಾಳಿನ ಅಗಲವಾದೀತು. ಯಕೃತ್ತಿನ ಹುಳುವಿನದು ಇದಕ್ಕಿಂತ ತುಸು ದೊಡ್ಡದು. ಅಮೆರಿಕದ ಕೆಲವು ಜಾತಿಗಳ ಸರ್ಕೇರಿಯವಾದರೋ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದಾಗಿ, ನೀರಿನಲ್ಲಿ ಏರಿಳಿಯುತ್ತಿರಲು, ಮೀನುಗಳು ಅದನ್ನು ಸೊಳ್ಳೆಯ ಮರಿಯೆಂದೇ ಬಗೆದು ನುಂಗುವುವು. ಹುಳುವಿಗೆ ಬೇಕಾದುದೂ ಅದೇ. ಇಂತಹ ಜಾತಿಭೇದದ ಅಂತರವು ಯಾರಿಗೂ ತಿಳಿಯುವಂತಹುದು. ತೊಡಕಿರುವುದು ಒಂದೇ ಜಾತಿಯೊಳಗಣ ವ್ಯತ್ಯಾಸದಲ್ಲಿ.

ಆ ವ್ಯತ್ಯಾಸದಲ್ಲಿ ಒಂದು ಪಾಲು ಹುಳುವಿನದೇ ಅಲ್ಲ, ಅಳೆಯುವವರದು. ಜೀವಂತವಾದ ಸರ್ಕೇರಿಯವು ಜಿಗಣೆಯಂತೆ ಒಂದು ಕ್ಷಣ ದಾರದ ಹಾಗೆ ನೀಳವಾಗುವುದು, ಮರುಕ್ಷಣ ಕಾಳಿನಂತೆ ಮುದುಡುವುದು. ಅದರ ಮೇಲೆ ಮುಚ್ಚುವ ತೆಳುಗಾಜು ಸ್ವಲ್ಪ ಬಿಗಿಯಾಗಿ ಒತ್ತಿದರೂ ಸಾಕು, ಅಗಲ ಹೆಚ್ಚಿಬಿಡುವುದು. ತಣ್ಣನೆಯ ಔಷಧಿಯಲ್ಲಿ ನಿಧಾನವಾಗಿ ಸತ್ತುದು ಒಂದು ಅಳತೆಯನ್ನು ಕೊಟ್ಟರೆ, ಕಾದ ಫಾರ್ಮಲಿನ್ನಿನಲ್ಲಿ ಥಟ್ಟನೆ ಸತ್ತುದು ಬೇರೊಂದನ್ನು ಕೊಡುವುದು. ಆದುದರಿಂದಲೇ ಬಲ್ಲವರು ಎಲ್ಲ ಸರ್ಕೇರಿಯಗಳನ್ನೂ ಒಂದೇ ವಿಧವಾಗಿ ಬಿಸಿಯಿಂದ ಕೊಂದು, ಹಲವಾರು ಪ್ರತಿಗಳನ್ನು ಅಳೆದು, ಕನಿಷ್ಠ ಗರಿಷ್ಠಗಳೆರಡನ್ನೂ ಸರಾಸರಿಯನ್ನೂ ಬರೆದಿಡುವರು. ಒಂದೆರಡನ್ನು ಮಾತ್ರ ಅಳೆದು ಜಾತಿಯ ಲಕ್ಷಣವೆಂದು ಸಾರುವುದು, ನಮ್ಮ ಅಭಿಪ್ರಾಯದಲ್ಲಿ, ಸಂತೆಯಲ್ಲಿ ಮೊದಲು ಎದುರಾದ ಇಬ್ಬರನ್ನು ನೋಡಿ ಊರಿನವರೆಲ್ಲರ ಎತ್ತರವನ್ನು ನಿರ್ಣಯಿಸಿದ ಹಾಗೆ.

ಉಳಿದ ಪಾಲು ನಿಜವಾದ ವ್ಯತ್ಯಾಸ. ರೀಡಿಯದೊಳಗೆ ಸರ್ಕೇರಿಯಗಳು ಒಂದೇ ಗಳಿಗೆಯಲ್ಲಿ ಹುಟ್ಟುವುದಿಲ್ಲ. ಬಲಿತುವೂ ಎಳೆಯವೂ ಒಟ್ಟಿಗೇ ಇರುವುವು. ಸಂಶೋಧಕರು ಬಸವನಹುಳುವನ್ನು ಒಡೆದು ತೆಗೆದರೆ ಈ ಎಳೆಯವೂ ಲೆಕ್ಕಕ್ಕೆ ಸೇರುವುವು. ತಾವಾಗಿ ಹೊರಬಂದವನ್ನು ಮಾತ್ರ ಹಿಡಿದರೆ ಸೇರುವುದಿಲ್ಲ. ಆಶ್ರಯಕೊಟ್ಟ ಬಸವನಹುಳು ಚಿಕ್ಕದಾಗಿದ್ದರೆ ಒಳಗೆ ಎಡೆಯೂ ಆಹಾರವೂ ಕಡಮೆ. ಹಲವು ಮಿರಸೀಡಿಯಗಳು ಒಂದೇ ಬಸವನಹುಳುವಿಗೆ ನುಗ್ಗಿದ್ದರೆ, ಬಡ ಮನೆಗೆ ನೆಂಟರು ಹೆಚ್ಚಿದಂತೆ, ಒಂದೊಂದರ ಪಾಲು ಕಿರಿದಾಗುವುದು. ನೀರಿನ ಬಿಸಿಯೂ ಮುಖ್ಯ. ಬೆಚ್ಚಗಿನ ನೀರಿನಲ್ಲಿ ಸರ್ಕೇರಿಯಗಳು ಬೇಗ ಬೇಗನೆ, ಹೆಚ್ಚು ಸಂಖ್ಯೆಯಲ್ಲಿ ಹೊರಬೀಳುವುವು. ಆದರೆ ಅವುಗಳ ಆಯುಸ್ಸು ಬೇಗನೆ ಮುಗಿಯುವುದು. ಸರ್ಕೇರಿಯವು ನೀರಿಗಿಳಿದ ಮೇಲೆ ಏನನ್ನೂ ತಿನ್ನುವುದಿಲ್ಲವೆಂಬುದನ್ನು ನೆನೆಯಬೇಕು. ಬಸವನಹುಳುವಿನಲ್ಲಿದ್ದಾಗ ಮೈಯಲ್ಲಿ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಪಿಷ್ಟವೇ ಅದರ ಬುತ್ತಿ. ಬುತ್ತಿ ಮುಗಿದರೆ ಈಜು ನಿಲ್ಲುವುದು. ಬಹುಪಾಲು ಜಾತಿಗಳಿಗೆ ಒಂದೆರಡು ದಿನಗಳ ಬಾಳು.

ಗಾತ್ರವೊಂದನ್ನೇ ನಂಬಿ ಹೆಸರಿಡುವುದರಿಂದ ಒದಗುವ ಅಪಾಯವನ್ನು ನಮ್ಮ ದೇಶದ ಚರಿತ್ರೆಯಿಂದಲೇ ತೋರಿಸಬಹುದು. ಸೂವೆಲ್ ಎಂಬ ಸೇನಾವೈದ್ಯರು 1922ರಲ್ಲಿ ಭಾರತದ ಸರ್ಕೇರಿಯಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವುಗಳಲ್ಲಿ ಎಷ್ಟೋ ಮರಿಗಳು ಬೆಳೆದು ಯಾವ ಹುಳುವಾಗುವುವೆಂಬುದು ತಿಳಿಯದಿದ್ದುದರಿಂದ, ಸೂವೆಲ್ಲರು ಅವಸರಪಡದೆ ಅವಕ್ಕೆ ಬರಿಯ ಕ್ರಮಸಂಖ್ಯೆಗಳನ್ನು ಕೊಟ್ಟರು. ಈ ಸಂಯಮವು ನಮಗೆ ಬಹಳ ಮೆಚ್ಚುಗೆಯಾಗಿರುವುದು. ಅವರು ನೆಚ್ಚಿದುದು ಆಕಾರವನ್ನು: ಬಾಲವು ಕವಲೋ ಒಂಟಿಯೋ, ಬಾಯಲ್ಲಿ ಈಟಿಯಂತಹ ಮುಳ್ಳುಂಟೋ ಇಲ್ಲವೋ, ಕೊರಳ ಸುತ್ತ ಮುಳ್ಳುಗಳ ಪಟ್ಟಿಯುಂಟೋ, ಮೈಯ ಕಲ್ಮಷವನ್ನು ಹೊರಹಾಕುವ ಸೂಕ್ಷ್ಮ ಕಣಗಳು ಹೇಗೆ ಜೋಡಣೆಗೊಂಡಿವೆ ಎಂಬಿವು. ಹುಳುವು ಹಿಗ್ಗಿದರೂ ಕುಗ್ಗಿದರೂ ಈ ಲಕ್ಷಣಗಳು ಬದಲಾಗವು.

ಆದರೂ ಆಕಾರವೂ ಸಾಲದ ಸಂದರ್ಭಗಳುಂಟು. ನಮ್ಮ ಸೀಮೆಯ ಕೆರೆಕುಂಟೆಗಳಲ್ಲಿ, ಟಗರಿನ ಕೊಂಬಿನಂತೆ ಒಂದೇ ಮಟ್ಟದಲ್ಲಿ ಸುರುಳಿ ಸುತ್ತಿದ ಕಂದುಬಣ್ಣದ ಚಿಪ್ಪುಳ್ಳ ಬಸವನಹುಳುವೊಂದು ಸಾಧಾರಣವಾಗಿ ಸಿಕ್ಕುವುದು. ಇಂಡೋಪ್ಲನಾರ್ಬಿಸ್ ಎಂಬುದು ಅದರ ಶಾಸ್ತ್ರೀಯ ನಾಮ. ನಮ್ಮಂತೆಯೇ ಅದರ ರಕ್ತವೂ ಕೆಂಪು. ದನಗಳ ರಕ್ತನಾಳಗಳಲ್ಲಿ ವಾಸಿಸುವ ಮೂರು ಬೇರೆ ಬೇರೆ ಹುಳುಗಳು ಇದೊಂದರಲ್ಲಿಯೇ ಬೆಳೆಯುವುವು. ಮೂರರ ಸರ್ಕೇರಿಯಗಳಿಗೂ ಕವಲುಬಾಲ. ಮೂರರ ಅಳತೆಗಳೂ ಒಂದರ ಮೇಲೊಂದು ಹಾಯುವುವು. ಒಂದರ ದೊಡ್ಡ ಮರಿಯು ಇನ್ನೊಂದರ ಸಣ್ಣ ಮರಿಗಿಂತ ಹಿರಿದಾಗಿರಬಹುದು. ಮುಂಬಯಿಯಲ್ಲಿ ಲಿಸ್ಟನ್ ಮತ್ತು ಸೋಪಾರ್ಕರ್ ಎಂಬವರು 1918ರಲ್ಲಿ ಇವುಗಳಲ್ಲೊಂದರ ಜೀವನಚಕ್ರವನ್ನು ಪ್ರಕಟಿಸಿದರು. ಮೂಗಿನ ಗೊರಕೆರೋಗಕ್ಕೆ ಕಾರಣವಾದ ಹುಳುವನ್ನು ಮದರಾಸಿನ ಪಶುವೈದ್ಯ ವಿದ್ವಾಂಸರಾದ ರಾವ್ ಎಂಬವರು 1933ರಲ್ಲಿ ವರ್ಣಿಸಿದರು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಈ ಮೂರನ್ನು ಬೇರ್ಪಡಿಸಲು ನೆರವಾದುದು ಸರ್ಕೇರಿಯದ ಉದ್ದವಲ್ಲ, ಬೆಳೆದ ಹುಳುವಿನ ಮೊಟ್ಟೆ: ಮೂಗಿನ ಹುಳುವಿನದು ಕುಡುಗೋಲಿನಂತೆ ಬಾಗಿರುವುದು, ಇನ್ನೊಂದರದು ನೂಲುವ ಕದಿರಿನಂತೆ ನೀಳವಾಗಿರುವುದು, ಮತ್ತೊಂದರದು ಉರುಟಾದ ಅಂಡಾಕೃತಿ. ಈಗಿನ ಕಾಲದಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ಒಂದೇ ಸರ್ಕೇರಿಯದ ಕುಲವನ್ನೂ ನಿಶ್ಚಯಿಸಬಹುದು.

ಇದು ಏಕೆ ಮುಖ್ಯವೆಂದರೆ, ಆಫ್ರಿಕದಲ್ಲಿ ಮನುಷ್ಯರ ಮೂತ್ರಕೋಶವನ್ನು ಕೆಡಿಸುವ ರಕ್ತಹುಳುವಿನ ಸರ್ಕೇರಿಯಕ್ಕೂ ಕವಲುಬಾಲವೇ, ಗಾತ್ರವೂ ಸುಮಾರು ಅಷ್ಟೇ. 1952ರಲ್ಲಿ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಮನುಷ್ಯರಿಗೆ ಆ ರೋಗ ಹತ್ತಿರುವುದನ್ನು ಗಾಡ್ಗಿಲ್ ಮತ್ತು ಷಾ ಎಂಬ ವೈದ್ಯರು ಕಂಡು ವರದಿಮಾಡಿದಾಗ, ಕೆರೆತೊರೆಗಳಲ್ಲಿ ಸಿಕ್ಕುವ ಕವಲುಬಾಲದ ಮರಿ ಯಾರದೆಂಬ ಪ್ರಶ್ನೆಗೆ ಹೊಸ ತೂಕ ಬಂದಿತು. ದನದ ಹುಳುವಿನ ಮರಿಯು ಮನುಷ್ಯರ ಚರ್ಮವನ್ನು ಹೊಕ್ಕರೆ ಸಾಮಾನ್ಯವಾಗಿ ಅಲ್ಲಿಯೇ ಸಾಯುವುದು. ಕೆಲವು ದಿನ ನವೆ, ಗಂಧೆ, ಅಷ್ಟೆ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಕಾಲುಗಳಿಗೂ ಇದೇ ನವೆ ತಗಲುವುದುಂಟು. ಇದನ್ನು ಮನುಷ್ಯರ ಹುಳುವೆಂದು ಬಗೆದರೆ ವ್ಯರ್ಥವಾದ ಭಯ; ಮನುಷ್ಯರದನ್ನು ದನದ್ದೆಂದು ಬಗೆದರೆ ಅದಕ್ಕಿಂತ ಕೆಟ್ಟದು. ನೀರಿನಿಂದ ಹೊರಬಂದೊಡನೆ ಮಕ್ಕಳ ಕೈಕಾಲುಗಳನ್ನು ಒಣಬಟ್ಟೆಯಿಂದ ಒತ್ತಿ ಒರಸಿದರೆ, ಇನ್ನೂ ಒಳಹೋಗದಿರುವ ಮರಿಗಳಲ್ಲಿ ಕೆಲವಾದರೂ ತೊಲಗುವುವು.

ಗಾತ್ರಭೇದಕ್ಕೆ ಇನ್ನೊಂದು ಕಾರಣವುಂಟು. ಅದು ನಮಗೆ ಎಲ್ಲಕ್ಕಿಂತ ಬೆರಗನ್ನುಂಟುಮಾಡಿರುವುದು. ಕೆಲವು ಜಾತಿಗಳಲ್ಲಿ ಒಂದೇ ಬಸವನಹುಳುವಿನೊಳಗೆ ದೊಡ್ಡ ಹೊಟ್ಟೆಯ ಮರಿಗಳೊಡನೆ ತೀರ ಸಣ್ಣವೂ ಸಿಕ್ಕುವುವು. ಸಣ್ಣವು ಇನ್ನೂ ಬೆಳೆಯಬೇಕಾದ ಕೂಸುಗಳೆಂದೇ ಬಹುಕಾಲ ತಿಳಿದಿದ್ದರು. ಆದರೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹೆಚಿಂಗರ್ ಮತ್ತು ಅವರ ಸಂಗಡಿಗರು ಕಡಲತೀರದ ಒಂದು ಬಸವನಹುಳುವಿನ ರೀಡಿಯಗಳನ್ನು ಪರಿಶೀಲಿಸಿ 2011ರ ವರದಿಯಲ್ಲಿ, ಆ ಸಣ್ಣವು ಕೂಸುಗಳಲ್ಲ, ಸೈನಿಕರು ಎಂದು ತಿಳಿಸಿದರು. ಅವು ಮರಿಹಾಕುವುದಿಲ್ಲ, ಚುರುಕಾಗಿ ಅಲೆದು, ತಮ್ಮ ಮನೆಗೆ ನುಗ್ಗಿದ ಅನ್ಯಜಾತಿಯ ಹುಳುಗಳ ಮೇಲೆ ಬಿದ್ದು ಕಚ್ಚುವುವು. ದೊಡ್ಡವಾದರೋ ಕುಳಿತಲ್ಲಿಯೇ ಸಂತಾನವನ್ನು ಹೆಚ್ಚಿಸುವುವು. ಇರುವೆ ಗೆದ್ದಲು ಮೊದಲಾದವುಗಳಲ್ಲಿ ಕೇಳಿದ್ದ ಕಾರ್ಯವಿಭಾಗವು ಚಪ್ಪಟೆಹುಳುವಿನಲ್ಲಿಯೂ ಕಂಡುಬಂದಿತು.

2024ರಲ್ಲಿ ಮೆಟ್ಜ್ ಮತ್ತು ಹೆಚಿಂಗರ್ ಇದಕ್ಕಿಂತ ಮುಂದುವರಿದ ಉದಾಹರಣೆಯೊಂದನ್ನು ಕೊಟ್ಟರು. ಹ್ಯಾಪ್ಲಾರ್ಕಿಸ್ ಪ್ಯುಮಿಲಿಯೊ ಎಂಬುದು ಬೇಯಿಸದ ಮೀನನ್ನು ತಿಂದವರ ಕರುಳಿಗೆ ಸೇರುವ ಹುಳು. ಅದರ ಸೈನಿಕರಲ್ಲಿ ಸಂತಾನಕ್ಕೆ ಬೇಕಾದ ಬೀಜಕಣಗಳ ಮುದ್ದೆಯೇ ಇಲ್ಲ. ಆದರೆ ಕಚ್ಚಿ ಹೀರುವ ಗಂಟಲಿನ ಸ್ನಾಯುವು ಸಂತಾನದ ಮರಿಗಳದ್ದಕ್ಕಿಂತ ಐದು ಪಟ್ಟು ದೊಡ್ಡದು. ಈ ಹುಳುವಿಗೆ ಮನೆಯಾಗುವುದು ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟ ಎಂಬ ಬಸವನಹುಳು. ಅದು ದೂರದೇಶದ್ದಲ್ಲ, ತಿರುಪುಮೊಳೆಯಂತೆ ನೀಳವಾಗಿ ಮೊನೆಗೊಂಡ ಅದರ ಚಿಪ್ಪುಗಳು ನಮ್ಮ ಕರ್ಣಾಟಕದ ಹೊಳೆ ಕಾಲುವೆಗಳ ಮರಳಿನಲ್ಲಿ ಧಾರಾಳವಾಗಿ ಸಿಕ್ಕುವುವು.

ಒಂದು ಹುಳುವು ಇನ್ನೊಂದನ್ನು ಕೊಲ್ಲುವ ಈ ಗುಣವನ್ನು ದನಗಳ ರಕ್ತಹುಳುವಿನ ಮೇಲೆ ಉಪಯೋಗಿಸಬಹುದೇ ಎಂಬ ಯೋಚನೆಯು ಸೈನಿಕರ ಸುದ್ದಿ ತಿಳಿಯುವುದಕ್ಕೂ ಮುಂಚೆಯೇ ಹುಟ್ಟಿದ್ದಿತು. ಮಲೇಷ್ಯದಲ್ಲಿ ಕೆಲಸಮಾಡುತ್ತಿದ್ದ ಹೇನ್‌ಮನ್ ಮತ್ತು ಉಮಾದೇವಿ ಎಂಬವರು, ನಮ್ಮ ಕೆರೆಗಳ ಆ ಟಗರುಕೊಂಬಿನ ಚಿಪ್ಪಿನ ಇಂಡೋಪ್ಲನಾರ್ಬಿಸ್ ಜಾತಿಯಲ್ಲಿಯೇ, ಎರಡು ಬಗೆಯ ಹುಳುಗಳು ಒಟ್ಟಿಗೆ ಸೇರಿದಾಗ ಬಾಯುಳ್ಳ ರೀಡಿಯಗಳು ಬಾಯಿಲ್ಲದ ಮತ್ತೊಂದರ ಚೀಲಗಳನ್ನು ತಿಂದುಹಾಕುವುದನ್ನು ಕಂಡು 1968ರಲ್ಲಿ ಪ್ರಕಟಿಸಿದರು.