ತಣ್ಣೀರುಬಾವಿ: ಕಡಲಾಮೆಗೂ ಬೇಕು ಕತ್ತಲಿನ ತೀರ

ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಫೆರಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ತಣ್ಣೀರುಬಾವಿ. ಒಂದು ಮಗ್ಗುಲಲ್ಲಿ ಗುರುಪುರ ನದಿ, ಇನ್ನೊಂದರಲ್ಲಿ ಅರಬ್ಬಿ ಸಮುದ್ರ, ನಡುವೆ ಮರಳಿನ ಉದ್ದನೆಯ ಪಟ್ಟಿ. ದಕ್ಷಿಣಕ್ಕೆ ಬೆಂಗ್ರೆಯ ಮೀನುಗಾರರ ಮನೆಗಳು ಮತ್ತು ಅಳಿವೆ ಬಾಗಿಲು, ಉತ್ತರಕ್ಕೆ ಪಣಂಬೂರಿನ ಬಂದರು. ಸಂಜೆಯ ಗಾಳಿಗೆ, ಗಾಳಿಮರದ ನೆರಳಿಗೆ, ಅರಣ್ಯ ಇಲಾಖೆಯ ಟ್ರೀ ಪಾರ್ಕಿಗೆ ಬರುವವರು ಅನೇಕರು. ವಿದ್ಯುತ್ತು, ಪೆಟ್ರೋಲುಗಳ ಹಸಿವು ನದಿ–ಕಡಲುಗಳನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ನೋಡಲೂ ಇದು ತಕ್ಕ ಜಾಗ.

ಮೊದಲನೆಯದು ವಿದ್ಯುತ್ತಿನ ಕಥೆ. 2001ರಲ್ಲಿ ಇಲ್ಲಿನ ನದಿಯಲ್ಲಿ ಬಾರ್ಜ್‌ಗಳ ಮೇಲೆಯೇ ವಿದ್ಯುತ್ ಸ್ಥಾವರವೊಂದು ಕೆಲಸ ಆರಂಭಿಸಿತು. ಜಿಎಂಆರ್ ಸಂಸ್ಥೆಯ ಆ ಸ್ಥಾವರದ ಸಾಮರ್ಥ್ಯ 220 ಮೆಗಾವಾಟ್, ಇಂಧನ ನಾಫ್ತಾ. ಏಳು ವರ್ಷಗಳ ವಿದ್ಯುತ್ ಖರೀದಿ ಒಪ್ಪಂದ ಮುಗಿದ ಮೇಲೆ, 2010ರಲ್ಲಿ ಅದನ್ನು ಆಂಧ್ರದ ಕಾಕಿನಾಡಕ್ಕೆ ಒಯ್ದರು. ಸ್ಥಾವರ ಹತ್ತು ವರ್ಷದೊಳಗೆ ಜಾಗ ಬದಲಿಸಿತು. ಮೀನು, ಸಿಗಡಿ, ಮರುವಾಯಿಗಳಿಗೆ ಬೇರೆ ಅಳಿವೆ ಇರಲಿಲ್ಲ. ಯೋಜನೆಯ ಜಾಗ ಆರಿಸುವಾಗ ಮೊದಲು ನೆನೆಯಬೇಕಾದದ್ದು ಇದನ್ನೇ.

ಎರಡನೆಯ ಕಥೆ ನೀರಿನದು. ಕುತ್ತೆತ್ತೂರಿನ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಕಾರ್ಖಾನೆ. ಅದಕ್ಕೆ ಬೇಕಾದ ನೀರಿನ ದೊಡ್ಡ ಪಾಲು ಬರುತ್ತಿದ್ದುದು ನೇತ್ರಾವತಿಯಿಂದ. ನಗರಕ್ಕೆ ತುಂಬೆಯಿಂದ ಕುಡಿಯುವ ನೀರು ಕೊಡುವುದೂ ಅದೇ ನದಿ. 2019ರ ಬೇಸಿಗೆಯಲ್ಲಿ ನದಿ ಸೊರಗಿದಾಗ ಕಾರ್ಖಾನೆಯ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು. ಈಗ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸಮುದ್ರನೀರು ಸಿಹಿಗೊಳಿಸುವ ಘಟಕ ನಿಂತಿದೆ. ಕಾವೂರಿನ ಶುದ್ಧೀಕರಿಸಿದ ಕೊಳಚೆ ನೀರೂ ಕಾರ್ಖಾನೆಗೆ ಹೋಗುತ್ತದೆ. ಹೀಗೆ ಉಳಿದ ಒಂದೊಂದು ಹನಿಯೂ ಬೇಸಿಗೆಯ ನೇತ್ರಾವತಿಗೆ, ಅಲ್ಲಿನ ಮೀನುಗಳಿಗೆ ಉಸಿರು.

ಆದರೆ ಸಿಹಿನೀರು ತೆಗೆದ ಮೇಲೆ ಉಳಿಯುವುದು ಹೆಚ್ಚು ಉಪ್ಪಿನ ನೀರು. ಅದು ಭಾರ, ತಳಕ್ಕಿಳಿಯುತ್ತದೆ. ಒಂದೇ ಕಡೆ ಸುರಿದರೆ ಕಡಲತಳದ ಜೀವಿಗಳಿಗೆ ಪೆಟ್ಟು. ದಡದಿಂದ ದೂರದಲ್ಲಿ, ಹಲವು ರಂಧ್ರಗಳಿಂದ ಚೆಲ್ಲಿದರೆ ಬೇಗ ಬೆರೆಯುತ್ತದೆ. ಅದರ ಮೇಲೆ ಸದಾ ಕಣ್ಣಿಡಬೇಕು.

ಮೂರನೆಯದು ಬೆಳಕಿನ ಕಥೆ.

2024ರ ಆರಂಭದಲ್ಲಿ ಸಸಿಹಿತ್ಲು ಸೇರಿದಂತೆ ಮಂಗಳೂರು ಸುತ್ತಲಿನ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು. ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಕಟ್ಟಿ ಕಾವಲಿಟ್ಟಿತು. ತಾಯಿ ಆಮೆ ರಾತ್ರಿ ದಡಕ್ಕೆ ಬಂದು ಹಿಂಗಾಲುಗಳಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೊರಟುಬಿಡುತ್ತದೆ. ಒಂದೂವರೆ, ಎರಡು ತಿಂಗಳಿಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮರಿಗಳು ಮರಳು ಸರಿಸಿಕೊಂಡು ಮೇಲೇಳುತ್ತವೆ. ಕತ್ತಲಲ್ಲಿ ಅವಕ್ಕೆ ದಾರಿ ತೋರುವುದು ಕಡಲಿನ ಮೇಲಿನ ಮಂದ ಬೆಳಕು. ಬೆನ್ನ ಹಿಂದೆ ಬಂದರಿನದೋ ಕಾರ್ಖಾನೆಯದೋ ರಸ್ತೆಯದೋ ದೀಪ ಅದಕ್ಕಿಂತ ಪ್ರಖರವಾಗಿ ಉರಿದರೆ, ಮರಿಗಳು ಆ ಕಡೆ ತೆವಳುತ್ತವೆ. ನಾಯಿ, ಕಾಗೆ, ಬೆಳಗಿನ ಬಿಸಿಲು, ಯಾವುದಕ್ಕಾದರೂ ತುತ್ತಾಗುತ್ತವೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ದೀಪ ಕೆಳಮುಖವಾಗಿರಲಿ, ಕಡಲ ಕಡೆಗೆ ಮರೆಯಿರಲಿ, ಬಿಳಿಯ ಬದಲು ಕೆಂಪು ಛಾಯೆಯ ಬೆಳಕಿರಲಿ, ಮರಿ ಹೊರಬರುವ ವಾರಗಳಲ್ಲಿ ಬೇಡದ ದೀಪ ಆರಿರಲಿ. ಮಂಗಳೂರಿನಲ್ಲೇ ಬಂಡೆಯೊಳಗೆ ಗುಹೆ ಕೊರೆದು 15 ಲಕ್ಷ ಟನ್ ಕಚ್ಚಾತೈಲ ಕೂಡಿಡುವ ವ್ಯವಸ್ಥೆ ಆಗಿದೆ. ಅಷ್ಟು ದೊಡ್ಡ ಕೆಲಸ ಸಾಧಿಸಿದ ಊರಿಗೆ ದೀಪದ ಮುಖ ತಿರುಗಿಸುವುದು ಕಷ್ಟವಲ್ಲ.

ಆಮೆ ಮೊಟ್ಟೆಯಿಡುವ ಚಳಿಗಾಲದಲ್ಲಿ ತಣ್ಣೀರುಬಾವಿಗೆ ಹೋಗುವವರು ರಾತ್ರಿ ತೀರದಲ್ಲಿ ಟಾರ್ಚ್, ಫ್ಲ್ಯಾಶ್ ಬಳಸದಿರಲಿ. ಮರಳಿನಲ್ಲಿ ಆಮೆ ತೆವಳಿದ ಗುರುತು ಕಂಡರೆ ಅಗೆಯದೆ, ಮುಟ್ಟದೆ, ಅರಣ್ಯ ಇಲಾಖೆಗೆ ತಿಳಿಸಲಿ.